ಬೇಲಿಯಾಚೆಯ ಒಂದಡಿ

ನನ್ನ ಭಾವ ದರ್ಜಿ. ಅವರು ಹೊಲಿದ ಅಂಗಿಯನ್ನು ಮಗುಚಿ ನೋಡಿದರೆ ಪ್ರತಿ ಹೊಲಿಗೆಯ ಪಕ್ಕದಲ್ಲೂ ಒಂದಿಂಚು ಬಟ್ಟೆ ಹೆಚ್ಚಿಗೆ ಇರುತ್ತದೆ. ಮೈ ಬಂದರೆ ಬಿಚ್ಚಿ ಅಗಲ ಮಾಡಿಕೊಳ್ಳಲಿ ಅಂತ. ಇದನ್ನು ಗಿರಾಕಿಗೆ ಹೇಳುವುದೂ ಇಲ್ಲ, ರಸೀದಿಯಲ್ಲಿ ಬರೆಯುವುದೂ ಇಲ್ಲ. ಬಟ್ಟೆ ಬಲ್ಲವರಿಗೆ ಅದು ಗೊತ್ತಿರುತ್ತದೆ ಎಂಬುದು ಅವರ ನಂಬಿಕೆ. ಇಷ್ಟು ಒಳ್ಳೆಯ ನಂಬಿಕೆ ಇಟ್ಟುಕೊಂಡವರು ನೆಲ ಕೊಳ್ಳಬಾರದಿತ್ತು.

ಇಪ್ಪತ್ತೈದು ವರ್ಷದ ಕೆಳಗೆ ಅವರು ಕೊಂಡ ಮನೆ ಇನ್ನೊಬ್ಬರ ಮನೆಯ ಹಿಂದೆ ಇದೆ. ಬೀದಿಗೆ ಬರಲು ಒಂದೇ ಓಣಿ. ಎಡಕ್ಕೆ ಮುಂದಿನ ಮನೆಯ ಗೋಡೆ, ಬಲಕ್ಕೆ ಆಗ ಖಾಲಿಯಿದ್ದ ಪಕ್ಕದ ಸೈಟು. ಆ ಸೈಟಿನ ಕಡೆಗೆ ಭಾವ ತಾವೇ ತಂತಿಬೇಲಿ ಹಾಕಿದರು. ಗಡಿಯ ಮೇಲೆ ಹಾಕದೆ, ಒಂದಡಿ ತಮ್ಮ ಕಡೆಗೆ ಸರಿಸಿ ಕಂಬ ನೆಟ್ಟರು.

"ಬೇಲಿ ನಂದು ಅಂದ್ಮೇಲೆ ರಿಪೇರಿನೂ ನಂದೇ. ಆ ಕಡೆ ನಿಂತು ತಂತಿ ಬಿಗಿಯೋವಾಗ ನನ್ನ ನೆಲದ ಮೇಲೇ ನಿಂತಿರ್ಬೇಕು. ಇನ್ನೊಬ್ಬರ ನೆಲ ಯಾಕೆ ತುಳೀಲಿ?" ಎಂದರು.

ನಲವತ್ತೆರಡು ಇಂಚಿನ ಓಣಿ ಮೂವತ್ತಾಯಿತು. ಆಗ ಅಕ್ಕ ಕೊಡ ಸೊಂಟದಲ್ಲಿಟ್ಟು ಓಡಾಡುವ ಕಾಲ. ಮೂವತ್ತು ಇಂಚು ಧಾರಾಳವಾಗಿತ್ತು.

ಹತ್ತು ವರ್ಷವಾದ ಮೇಲೆ ಪಕ್ಕದ ಸೈಟನ್ನು ಒಬ್ಬ ಮೇಷ್ಟ್ರು ಕೊಂಡರು. ಮನೆ ಕಟ್ಟುವ ಮುಂಚೆ ಒಂದು ಕಾಗದ ಹಿಡಿದು ಬಂದರು. ಈ ಬೇಲಿಯೇ ಇಬ್ಬರ ಗಡಿ ಎಂದು ಅದರಲ್ಲಿ ಬರೆದಿತ್ತು. ಭಾವ ಕನ್ನಡಕ ಏರಿಸಿ ಸಹಿ ಹಾಕಿಯೇಬಿಟ್ಟರು.

"ಭಾವ, ಆ ಕಡೆ ಬಿಟ್ಟ ಒಂದಡಿ?" ಎಂದು ನಾನು ಮೆಲ್ಲಗೆ ಕೇಳಿದೆ.

"ಒಳಗೆ ಬಿಟ್ಟ ಬಟ್ಟೇನ ಯಾರಾದ್ರೂ ಬರೆದಿಡ್ತಾರೇನೋ? ಅದು ಇದ್ದೇ ಇರುತ್ತೆ" ಎಂದು ನಕ್ಕರು. ನನ್ನ ಬುದ್ಧಿಗೂ ಮಂಕು ಕವಿದಿತ್ತು. ಸಾಕ್ಷಿಯ ಸಹಿ ನಾನೇ ಹಾಕಿದೆ.

ಮೂರು ವರ್ಷದ ಹಿಂದೆ ಅಕ್ಕನ ಕಾಲು ಬಿದ್ದುಹೋಯಿತು. ಗಾಲಿಕುರ್ಚಿ ಬಂತು, ಅಗಲ ಇಪ್ಪತ್ತಾರು ಇಂಚು. ದಿನಾ ಬೆಳಿಗ್ಗೆ ಆ ಕುರ್ಚಿಯಲ್ಲಿ ಓಣಿ ದಾಟಿ, ಓಣಿಯ ಬಾಯಲ್ಲೇ ಇರುವ ಭಾವನ ಬಾಡಿಗೆ ಅಂಗಡಿಗೆ ಬರುತ್ತಿದ್ದಳು. ಕಾಜಾ ಮಾಡುತ್ತಾ, ಗುಂಡಿ ಹಾಕುತ್ತಾ, ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಮಾತಾಡಿಸುತ್ತಾ, ಅರ್ಧ ಊರಿಗೆ ಬುದ್ಧಿ ಹೇಳುತ್ತಾ ಕೂರುತ್ತಿದ್ದಳು. ಕಾಲಿಲ್ಲದ ಮೇಲೂ ಅವಳು ಬದುಕಿದ್ದು ಆ ಬೀದಿಯಿಂದ.

ಬೇಲಿ ತುಕ್ಕು ಹಿಡಿದು ಜೋತು ಬಿತ್ತು. ದುರಸ್ತಿ ಭಾವನ ಪಾಲಿನದು, ಆದರೆ ತಂತಿ ಬಿಗಿಯುವ ಕಸುವು ಅವರ ಕೈಯಲ್ಲಿ ಉಳಿದಿರಲಿಲ್ಲ. ಮೇಷ್ಟ್ರು ತಾವಾಗಿಯೇ, "ಬಿಡಿ ಯಜಮಾನ್ರೇ, ನಾನೇ ಗೋಡೆ ಹಾಕಿಸ್ತೀನಿ. ಖರ್ಚು ಪೂರಾ ನಂದು" ಎಂದರು. ಭಾವ ಕೈಮುಗಿದರು. ಗಾರೆಯವನು ಬಂದು ದಾರ ಕಟ್ಟಿದಾಗಲೇ ನಾವು ಕಣ್ಣು ಬಿಟ್ಟಿದ್ದು. ಒಂಬತ್ತು ಇಂಚಿನ ಗೋಡೆ ಗಡಿಯ ಮೇಲೆ ಅರ್ಧರ್ಧ ಕೂರುತ್ತದೆ. ಮೂವತ್ತರಲ್ಲಿ ನಾಲ್ಕೂವರೆ ಹೋದರೆ ಉಳಿಯುವುದು ಇಪ್ಪತ್ತೈದೂವರೆ. ಅರ್ಧ ಇಂಚು ಕಡಿಮೆ.

ಭಾವ ಅಳತೆ ಕಚೇರಿಯವನನ್ನು ಕರೆಸಿದರು. ಅವನು ಕಾಗದ ಓದಿ, ಟೇಪು ಸುತ್ತಿಕೊಂಡ. "ಬೇಲಿ ಹಾಕಿದ್ದೂ ನೀವೇ, ಸಹಿ ಮಾಡಿದ್ದೂ ನೀವೇ. ನಾನೇನ್ ಮಾಡ್ಲಿ?"

ಕೊನೆಗೆ, ಜೀವಮಾನದಲ್ಲಿ ಯಾರ ಹತ್ತಿರವೂ ಏನೂ ಕೇಳದ ಮನುಷ್ಯ ಮೇಷ್ಟ್ರ ಮನೆಗೆ ಹೋದರು. ನಾನೂ ಜೊತೆಗಿದ್ದೆ.

"ಮೇಷ್ಟ್ರೇ, ಗೋಡೆ ಪೂರ್ತಿ ನಿಮ್ಮ ಕಡೆಗೇ ಸರಿಸ್ಕೊಳ್ಳಿ. ನಮ್ಮವಳ ಕುರ್ಚಿ ಹೋಗಲ್ಲ. ಅದರಿಂದ ಗಡಿ ಬದಲಾಗಲ್ಲ ಅಂತ ಬೇಕಾದ್ರೆ ಕಾಗದ ಬರ್ಕೊಡ್ತೀನಿ."

ಮೇಷ್ಟ್ರು ಕೆಟ್ಟವರಲ್ಲ. ಅದೇ ನನಗೆ ಸಿಟ್ಟು. ಕೆಟ್ಟವರಾಗಿದ್ದರೆ ಬೈದಾದರೂ ಬರಬಹುದಿತ್ತು. ಅವರು ಭಾವನನ್ನು ಕೂರಿಸಿ, ನೀರು ತಂದುಕೊಟ್ಟರು. "ನೀವು ಒಳ್ಳೇತನಕ್ಕೆ ಒಂದಡಿ ಬಿಟ್ರಿ. ಅದು ಏನಾಯ್ತು ಅಂತ ನಾನೇ ನೋಡಿದ್ದೀನಲ್ಲ ಯಜಮಾನ್ರೇ. ಕಾಗದ ಏನು ಮಾಡುತ್ತೆ ಅನ್ನೋದನ್ನೂ ನೋಡಿದ್ದೀನಿ. ನಾಳೆ ನನ್ನ ಮಕ್ಕಳಿಗೂ ಹಾಗೇ ಆದ್ರೆ?"

ಆ ಒಂದಡಿಯಲ್ಲಿ ಅವರ ಮನೆಯವರು ನೆಟ್ಟ ಹೂಗಿಡಗಳು ಕಿಟಕಿಯಿಂದ ಕಾಣುತ್ತಿದ್ದವು. ಸಾಕ್ಷಿ ಹಾಕಿದವನು ನಾನು, ಬಾಯಿ ಯಾವ ಮುಖದಲ್ಲಿ ತೆರೆಯಲಿ?

ಸಪೂರದ ಕುರ್ಚಿ ಮಾಡಿಸೋಣ ಎಂದು ಭಾವ ಅಕ್ಕನ ಅಳತೆ ತೆಗೆದರು. ಒಂದಿಂಚೂ ಹೆಚ್ಚಿಗೆ ಇಡದೆ, ಟೇಪನ್ನು ಬಿಗಿಯಾಗಿ ಹಿಡಿದು, ಎರಡೆರಡು ಸಲ ಅಳೆದರು. ಅವಳು ಕೂರುವಷ್ಟು ಅಗಲಕ್ಕೆ ಗಾಲಿ ಸೇರಿಸಿದರೆ ಓಣಿಯಲ್ಲಿ ಹಿಡಿಸುತ್ತಿರಲಿಲ್ಲ. ಟೇಪನ್ನು ಕೊರಳಿಗೆ ಹಾಕಿಕೊಂಡು ಹಾಗೇ ಕೂತುಬಿಟ್ಟರು.

ಇಟ್ಟಿಗೆ ಇಡುವ ದಿನವೂ ಅಕ್ಕ ಎಂದಿನಂತೆ ಅಂಗಡಿಗೆ ಬಂದಳು. ಮಧ್ಯಾಹ್ನ ಗಾರೆಯವನು ಬಂದು, "ಅಮ್ಮಾ, ಈಗಲೇ ಒಳಗೆ ಹೋಗ್ಬಿಡಿ. ಆಮೇಲೆ ಕುರ್ಚಿ ಹೋಗಲ್ಲ" ಎಂದ. ಭಾವ ಎದ್ದು ಕುರ್ಚಿಯ ಹಿಡಿಗೆ ಕೈ ಹಾಕಿದರು. ಅಕ್ಕ ಗಾಲಿ ಹಿಡಿದುಕೊಂಡಳು.

"ಒಳಗೆ ಹೋದ್ರೆ ಮತ್ತೆ ಬರೋದು ಹೆಂಗೆ?"

"ದಿನಾ ನಾವು ಎತ್ಕೊಂಡು ಬರ್ತೀವಿ ಕಣಕ್ಕ" ಎಂದೆ.

"ಆ ಮನೆಯಿಂದ ನನ್ನನ್ನ ಎತ್ಕೊಂಡು ಬರೋದು ಒಂದೇ ಸಲ. ಅದಕ್ಕಿನ್ನೂ ಟೈಮಿದೆ" ಎಂದಳು. ಗಾರೆಯವನ ಕಡೆ ತಿರುಗಿ, "ನೀನು ಕಟ್ಟು" ಎಂದಳು.

ಐದು ತಿಂಗಳಾಯಿತು. ಅಕ್ಕ ಎಂಟು ಬೈ ಹತ್ತರ ಅಂಗಡಿಯಲ್ಲೇ ಇದ್ದಾಳೆ. ಬಟ್ಟೆ ಕತ್ತರಿಸುವ ಮೇಜೇ ಮಂಚ, ಹಿಂದೊಂದು ಬಚ್ಚಲು. ಸಂಜೆ ಶಟರ್ ಎಳೆದರೆ ಬೀದಿಯೂ ಇಲ್ಲ. ನಲವತ್ತು ಹೆಜ್ಜೆ ಆಚೆಗೆ ಅವಳ ಮನೆ. ಭಾವ ಅಲ್ಲಿ ಅಡುಗೆ ಮಾಡಿ, ಡಬ್ಬಿ ಹಿಡಿದು, ಓಣಿಯಲ್ಲಿ ಭುಜ ಉಜ್ಜಿಕೊಂಡು ಬರುತ್ತಾರೆ.

ಮೊನ್ನೆ ಸಾರಿನಲ್ಲಿ ಉಪ್ಪಿರಲಿಲ್ಲ. "ಉಪ್ಪಿನ ಡಬ್ಬಿ ಎಲ್ಲಿಟ್ಟಿದ್ದೀರಿ?" ಎಂದು ಅಕ್ಕ ಕೇಳಿದಳು.

"ಮೇಲಿನ ಹಲಗೆ ಮೇಲೆ."

"ಎಷ್ಟು ಸಲ ಹೇಳ್ಬೇಕು? ಕೆಳಗಿಡಿ. ನನಗೆ ಎಟುಕಲ್ಲ."

ಭಾವ ಚಪ್ಪಲಿ ಮೆಟ್ಟಿ ಮನೆಗೆ ಹೋಗಿ, ಡಬ್ಬಿಯನ್ನು ಕೆಳಗಿಟ್ಟು ಬಂದರು.