ಮುನಿಯಮ್ಮನ ಎರಡನೇ ಕಣ್ಣು

ಕೊರೊನಾ ಹಾವಳಿ ತಣ್ಣಗಾದ ಮರುವರ್ಷ ನಾನು ಹಲಸೂರಿನ ಒಂದು ಬ್ಯೂಟಿಷಿಯನ್ ತರಬೇತಿ ಕೇಂದ್ರದಲ್ಲಿ ಮೇಕಪ್ ಟೀಚರ್ ಆಗಿದ್ದೆ. ಅದಕ್ಕೂ ಮೊದಲು ಜೋಗುಪಾಳ್ಯದಲ್ಲಿ ಹದಿನೆಂಟು ವರ್ಷ ಸ್ವಂತ ಪಾರ್ಲರ್ ನಡೆಸಿದ್ದೆ. ಆ ವರ್ಷದ ಬ್ಯಾಚಿನ ಪರೀಕ್ಷೆಯ ದಿನ ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಕೆ.ಆರ್.ಪುರದ ಮಂಜುಳಾ ಆ ಬ್ಯಾಚಿನವಳು. ಮೊದಲ ವಾರ ಅವಳು ರೆಪ್ಪೆಗೆ ಐಶ್ಯಾಡೋ ಬಣ್ಣ ಹಚ್ಚಿದರೆ ಕಣ್ಣಿಗೆ ಏಟು ಬಿದ್ದಂತೆ ಕಾಣುತ್ತಿತ್ತು. ಹೊಸಬರೆಲ್ಲ ಮಾಡುವ ತಪ್ಪೇ ಅದು: ಬ್ರಷ್ಷನ್ನು ಪೆನ್ಸಿಲಿನಂತೆ ಕೂದಲಿನ ಬುಡದಲ್ಲಿ ಹಿಡಿದು ಒತ್ತುವುದು. “ಹಿಡಿಯ ತುದೀಲಿ ಹಿಡ್ಕೊಳೇ. ಬಣ್ಣ ತಗೊಂಡ್ಮೇಲೆ ತಟ್ಟಿ ಉದುರಿಸು” ಎಂದು ದಿನಾ ಕೂಗುತ್ತಿದ್ದೆ. ಬಣ್ಣ ಕೂರಿಸಲು ಚಪ್ಪಟೆ ಬ್ರಷ್, ಅಂಚು ಕರಗಿಸಲು ಸಡಿಲ ಕೂದಲಿನ ಮೆತ್ತನೆ ಬ್ರಷ್. ರೆಪ್ಪೆಯ ಮೇಲಿನ ಮಡಿಕೆಯಲ್ಲಿ ಮೊದಲು ಮೈಬಣ್ಣಕ್ಕಿಂತ ತುಸು ಗಾಢವಾದ ಬಣ್ಣವನ್ನು ಬಸ್ಸಿನ ವೈಪರ್‌ನಂತೆ ಅತ್ತಿತ್ತ ಆಡಿಸಬೇಕು. ಕೊನೆಗೆ ಬಣ್ಣವಿಲ್ಲದ ಬ್ರಷ್ಷಿನಿಂದ ಗೆರೆ ಮಾಯವಾಗುವ ತನಕ ಸವರಬೇಕು. ಬ್ಲೆಂಡಿಂಗ್ ಅಂದರೆ ಇಷ್ಟೇ. ಮೂರು ತಿಂಗಳಲ್ಲಿ ಅವಳ ಕೈ ಹೂವಿನಷ್ಟು ಹಗುರಾಯಿತು.

ಪರೀಕ್ಷೆಗೆ ಮಾಡೆಲ್‌ಗಳನ್ನು ವಿದ್ಯಾರ್ಥಿನಿಯರೇ ಕರೆತರಬೇಕು. ಎಲ್ಲರೂ ಹುಡುಕಿ ಹುಡುಕಿ ಬೆಳ್ಳಗಿರುವವರನ್ನು ತಂದಿದ್ದರು. ಮಂಜುಳಾ ತನ್ನ ತಾಯಿ ಮುನಿಯಮ್ಮನನ್ನು ಕರೆತಂದಳು. ಕೆ.ಆರ್.ಪುರ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವ ಹೆಂಗಸು, ಎಣ್ಣೆಗಪ್ಪು ಬಣ್ಣ. ಮಗಳಿಗೆ ಕಮ್ಮನಹಳ್ಳಿಯ ಪಾರ್ಲರ್ ಒಂದರಲ್ಲಿ ಕೆಲಸ ನಿಗದಿಯಾಗಿತ್ತು, ಆದರೆ ಸರ್ಟಿಫಿಕೇಟ್ ತೋರಿಸಿದರೆ ಮಾತ್ರ.

ಮೊದಲ ಕಣ್ಣು ಮುಗಿಯುವಷ್ಟರಲ್ಲಿ ಹೊರಗಿನಿಂದ ಬಂದಿದ್ದ ಪರೀಕ್ಷಕಿ ಹತ್ತಿರ ನಿಂತರು. ರೆಪ್ಪೆಯ ಮೇಲೆಲ್ಲ ಬೂದಿ ಬಳಿದಂತಿತ್ತು. “ಬ್ಲೆಂಡೇ ಆಗಿಲ್ಲ. ಇಂಥ ಸ್ಕಿನ್ ಮೇಲೆ ಏನು ಕಾಣತ್ತೆ? ಸ್ವಲ್ಪ ಫೇರ್ ಇರೋರನ್ನ ಕರ್ಕೊಂಡ್ ಬರಬೇಕಿತ್ತು” ಎಂದರು, ಆ ತಾಯಿಯ ಮುಖಕ್ಕೇ.

ಮುನಿಯಮ್ಮ ನನ್ನ ಕಡೆ ತಿರುಗಿದರು. “ನನ್ನಿಂದ ನನ್ ಮಗಳು ಫೇಲಾದ್ಲಾ ಮೇಡಂ?”

ಥೂ ನಮ್ಮ ಜನ್ಮಕ್ಕೆ! ಕುಣಿಯಲಾರದವಳಿಗೆ ನೆಲ ಡೊಂಕು. ಆ ಬೂದಿ ಬಣ್ಣ ಎಲ್ಲಿಂದ ಬಂತೆಂದು ನನಗೆ ಆ ಕ್ಷಣ ಹೊಳೆಯಿತು. ಐಶ್ಯಾಡೋ ಹಾಕುವ ಮೊದಲು ರೆಪ್ಪೆಗೆ ಬೇಸ್ ಎಂದು ಕನ್ಸೀಲರ್, ಅಂದರೆ ಕಲೆ ಮುಚ್ಚುವ ಕ್ರೀಮು, ಬಳಿಯುತ್ತೇವೆ. ಅದು ಮೈಬಣ್ಣಕ್ಕಿಂತ ಎರಡು ಶೇಡ್ ಬೆಳ್ಳಗಿರಲಿ ಎಂಬುದು ನಮ್ಮ ಕಡೆಯ ಪಾರ್ಲರುಗಳ ಪದ್ಧತಿ. ಮದುವೆ ಹೆಣ್ಣನ್ನು ‘ಕಲರ್ ಮಾಡುವುದು’ ಎನ್ನುತ್ತೇವೆ ಅದನ್ನು. ಕಪ್ಪು ರೆಪ್ಪೆಗೆ ಸುಣ್ಣ ಹೊಡೆದು ಅದರ ಮೇಲೆ ಯಾವ ಬ್ರಷ್ ಆಡಿಸಿದರೂ ಬೂದಿಯೇ. ಮಂಜುಳಾಗೆ ಅದನ್ನು ಕಲಿಸಿದವಳು ನಾನು. ಹದಿನೆಂಟು ವರ್ಷ ಎಷ್ಟು ಮದುವೆ ಹೆಣ್ಣುಗಳ ಮುಖಕ್ಕೆ ಹಾಗೆ ಬಳಿದಿದ್ದೇನೋ! ಪರೀಕ್ಷಕಿಯ ಮೇಲಿನ ಸಿಟ್ಟಿಗಿಂತ ನನ್ನ ಮೇಲಿನ ಸಿಟ್ಟು ಹೆಚ್ಚಾಯಿತು.

“ತಪ್ಪು ಇವರ ಮುಖದ್ದಲ್ಲ ಮೇಡಂ, ನಾನು ಕಲಿಸಿದ ಬೇಸ್‌ದು. ಇನ್ನೂ ಇಪ್ಪತ್ತು ನಿಮಿಷ ಇದೆ, ಇನ್ನೊಂದು ಕಣ್ಣೂ ಇದೆ. ಅದನ್ನ ನೋಡದೆ ಮಾರ್ಕ್ಸ್ ಹಾಕ್ಬೇಡಿ” ಎಂದೆ. ದನಿ ಏರಿತ್ತು. ಕೋಣೆಯೆಲ್ಲ ತಿರುಗಿ ನೋಡಿತು.

“ಮಂಜುಳಾ, ಆ ಬಿಳೀದು ಬೇಡ. ಅಮ್ಮನ ಬಣ್ಣಕ್ಕೆ ಹೊಂದೋದನ್ನ ತೆಳ್ಳಗೆ ಹಚ್ಚು.”

ಹುಡುಗಿ ಬಿಳಿ ಕನ್ಸೀಲರ್ ಪಕ್ಕಕ್ಕಿಟ್ಟಳು. ಎರಡನೇ ಕಣ್ಣಿಗೆ ಶುರು ಮಾಡಿದಳು. ಮಡಿಕೆಗೆ ಇಟ್ಟಿಗೆ ಬಣ್ಣ, ಹೊರ ಮೂಲೆಗೆ ಕಾಫಿಪುಡಿ ಬಣ್ಣ, ನಡುವೆ ಬೆರಳಲ್ಲೇ ಒತ್ತಿದ ತಾಮ್ರ. ಕೊನೆಗೆ ಬರೀ ಬ್ರಷ್. ಎಲ್ಲಿ ಬಣ್ಣ ಮುಗಿದು ಎಲ್ಲಿ ಚರ್ಮ ಶುರುವಾಯಿತು ಎಂದು ನನಗೇ ಗೊತ್ತಾಗಲಿಲ್ಲ.

ಪರೀಕ್ಷಕಿ ಎರಡೂ ಕಣ್ಣನ್ನು ಬಹಳ ಹೊತ್ತು ನೋಡಿದರು. ಪಾಸ್ ಎಂದು ಬರೆದರು. ಕೆಳಗೆ ಷರಾ: ‘ಮಾಡೆಲ್ ಆಯ್ಕೆ ಸಮಾಧಾನಕರವಲ್ಲ.’ ಒಂದು ಕ್ಷಮೆಯ ಮಾತಿಲ್ಲ. ಸರ್ಟಿಫಿಕೇಟ್ ಸಿಕ್ಕಿತಲ್ಲ ಎಂದು ನಾನು ಹಲ್ಲು ಕಚ್ಚಿಕೊಂಡೆ. ಮರುದಿನವೇ ಪಾಠದ ಪುಸ್ತಕದಲ್ಲಿ ‘ಎರಡು ಶೇಡ್ ಬಿಳಿ’ ಎಂದಿದ್ದ ಸಾಲನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದೆ. ಎದುರಿಗಿರುವ ಮುಖವನ್ನು ಮೊದಲು ಒಪ್ಪಿಕೋ, ಬ್ರಷ್ ಆಮೇಲೆ ಎತ್ತು. ಈ ಕೆಲಸ ನನಗೆ ತಡವಾಗಿ ಕಲಿಸಿದ್ದು ಇದನ್ನೇ.

ಪರೀಕ್ಷೆಯ ದಿನ ಹೊರಡುವ ಮುಂಚೆ ಮುನಿಯಮ್ಮ ಕನ್ನಡಿಯ ಮುಂದೆ ನಿಂತು ಒಂದೊಂದೇ ಕಣ್ಣು ಮುಚ್ಚಿ ನೋಡಿಕೊಂಡರು. ಆಮೇಲೆ ಮೊದಲನೇ ಕಣ್ಣನ್ನು ಮಗಳ ಕಡೆ ತಿರುಗಿಸಿದರು.

“ಇದನ್ನ ಒರೆಸಿಬಿಡೇ. ಇದು ಯಾರ್ದೋ ಕಣ್ಣು. ಅದು ನಂದು.”