ಕೌದಿಯೊಳಗಿನ ಪಾವತಿಗಳು

ಊರಿನ ಮನೆ ಮಾಲೀಕರೆಲ್ಲ ಒಂದೇ ಮಾಸ್ತರರ ಹತ್ತಿರ ಕಲಿತವರಂತೆ ಹುಸೇನಬಿಗೆ ಕಾಣತೊಡಗಿದ್ದರು. ಇಬ್ರಾಹಿಂಪುರದ ರೈಲು ಹಳಿಯಾಚೆ, ಬಡವರಿಗೆಂದು ಸರ್ಕಾರ ಕಟ್ಟಿಸಿದ ಬಾಡಿಗೆ ಮನೆಗಳ ಸಾಲಿನಲ್ಲಿ ಅವಳು ಹದಿನೆಂಟು ವರ್ಷ ಬಾಳಿದ್ದಳು. ಚಾವಣಿ ಉದುರುತ್ತಿದೆ, ಕೆಡವುತ್ತೇವೆ, ಸೋಮವಾರದೊಳಗೆ ಖಾಲಿ ಮಾಡಿ ಎಂದು ನೋಟೀಸು ಬಂದಿತ್ತು. ಹೊರಗೆ ಎಲ್ಲಿ ಮನೆ ಕೇಳಿದರೂ ಮೊದಲ ಮಾತೇ ಡಿಪಾಜಿಟ್. ನಲವತ್ತು ಸಾವಿರ ಇಲ್ಲವೆಂದರೆ ಸರ್ಕಾರಿ ನೌಕರನ ಜಾಮೀನು ತಾ ಎಂದ ಒಬ್ಬ. ಇನ್ನೊಬ್ಬಳು ಅವಳ ಕಿವಿ ನೋಡಿ, ಬೆಂಡೋಲೆ ಒತ್ತೆ ಇಡು ಎಂದಳು. ಹಳೆ ಬಟ್ಟೆಗಳ ಕೌದಿ ಹೊಲಿದು ಹೊಟ್ಟೆ ಹೊರೆಯುವವಳಿಗೆ ಯಾವ ನೌಕರ ಜಾಮೀನು ನಿಂತಾನು? ಬೆಂಡೋಲೆಯೋ, ಹಿತ್ತಾಳೆಯದು.

ಆರನೆಯ ಮನೆ ತೊರವಿ ರಸ್ತೆಯ ಪರಸಪ್ಪನದು. ಆತ ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡ.

"ಅಕ್ಕಾರ, ಹದಿನೆಂಟು ವರ್ಷ ಒಂದು ತಿಂಗಳೂ ಬಾಡಗಿ ತಪ್ಪಿಸಿಲ್ಲ ಅಂತೀರಿ. ಪಾವತಿ ತೋರಸ್ರಿ. ಡಿಪಾಜಿಟ್ ಬಿಟ್ಟೆ. ಆದ್ರ ಶನಿವಾರದ ತನಕ ಅಷ್ಟ, ಬ್ಯಾರೆಯವರೂ ಕೇಳಾಕತ್ತಾರ."

ಪಾವತಿಗಳಿದ್ದವು, ತಿಂಗಳಿಗೊಂದು ರಸೀದಿ. ಸೋರುವ ಮನೆಯಲ್ಲಿ ಕಾಗದ ಉಳಿಯುವುದಿಲ್ಲವೆಂದು ಹುಸೇನಬಿ ಅವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಒಂದು ಹಳೆಯ ಕೌದಿಯ ಪದರಗಳ ನಡುವೆ ಇಟ್ಟು ಹೊಲಿದಿದ್ದಳು. ಪ್ರತಿ ವರ್ಷ ಒಂದು ಮೂಲೆ ಬಿಚ್ಚಿ ಆ ವರ್ಷದ ಹನ್ನೆರಡನ್ನು ಸೇರಿಸಿ ಮತ್ತೆ ಮುಚ್ಚುತ್ತಿದ್ದಳು. ಮನೆಗೆ ಬಂದು ಟ್ರಂಕು ತೆರೆದರೆ ಆ ಕೌದಿಯೇ ಇಲ್ಲ. ಮಗಳು ಶಮಾಳನ್ನು ಕೇಳಿದಳು. ಎರಡು ತಿಂಗಳ ಹಿಂದೆ, ತಾಯಿ ಹೊಲಿಗೆಗೆಂದು ತಿಕೋಟಾಕ್ಕೆ ಹೋಗಿದ್ದಾಗ, ಹಳೆಯ ಗಿರಾಕಿ ಬಬಲೇಶ್ವರದ ತಾಯವ್ವ ಬಂದು ಮೊಮ್ಮಗುವಿಗೆ ಮೆತ್ತನೆಯ ಹಳೆಯ ಕೌದಿ ಕೇಳಿದ್ದಳಂತೆ. ಮನೆಯಲ್ಲಿ ಅದಕ್ಕಿಂತ ಮೆತ್ತನೆಯದು ಇರಲಿಲ್ಲವಂತೆ.

ಹುಸೇನಬಿ ಮಗಳನ್ನು ಬೈಯಲೂ ಇಲ್ಲ. ಬೈಯಲು ಶಕ್ತಿ ಬೇಕು.

ಶುಕ್ರವಾರ ಮೊದಲ ಬಸ್ಸಿಗೆ ಬಬಲೇಶ್ವರಕ್ಕೆ ಹೋದಳು. ತೊಟ್ಟಿಲಲ್ಲಿ ಕೂಸು ಮಲಗಿತ್ತು, ಅದರ ಕೆಳಗೆ ಅವಳ ಹದಿನೆಂಟು ವರ್ಷ. ಒಳಗೆ ಏನಿದೆಯೆಂದು ಹೇಳಿ ಕತ್ತರಿ ತೆಗೆದಾಗ ತಾಯವ್ವ ಕೈ ಅಡ್ಡ ಹಿಡಿದಳು.

"ಕೂಸು ಮಲಗಿದ ಕೌದಿಗೆ ಮೂರು ತಿಂಗಳ ತನಕ ಕತ್ತರಿ ಹಚ್ಚಬಾರದು ಅಂತ ನನಗ ಹೇಳಿದಾಕಿ ಯಾರ ಬೇ?"

ಹೇಳಿದವಳು ಹುಸೇನಬಿಯೇ. ಕೂಸಿನ ಕೌದಿ ಕೊಟ್ಟ ಮನೆಯಲ್ಲೆಲ್ಲ ಅದನ್ನು ಹೇಳಿ, ಅದಕ್ಕೊಂದು ಸೇರು ಜೋಳ ಹೆಚ್ಚಿಗೆ ಇಸಿದುಕೊಂಡು ಬಂದವಳು. ಈಗ ಸುಳ್ಳೆನ್ನುವುದು ಹೇಗೆ?

ಕೊನೆಗೆ ತಾಯವ್ವನೇ ದಾರಿ ತೆಗೆದಳು. ಕೂಸು ಬೇರೆ ಕೌದಿಯ ಮೇಲೆ ಒಂದು ನಿದ್ದೆ ಮಾಡಿ ಎದ್ದರೆ ಇದರ ಋಣ ಹರಿಯಿತು. ಹುಸೇನಬಿಯ ಚೀಲದಲ್ಲಿ ತಿಕೋಟಾದವರ ಅರ್ಧ ಹೊಲಿದ ಕೌದಿಯಿತ್ತು. ಅವರು ಇನ್ನೊಂದು ವಾರ ಕಾಯಬೇಕು, ಕಾಯಲಿ. ಹೊಸಿಲ ಮೇಲೆ ಕೂತು ಮಧ್ಯಾಹ್ನದವರೆಗೆ ಸೂಜಿ ಓಡಿಸಿದಳು. ಕೌದಿ ಉಪವಾಸ ಇರಬಾರದೆಂದು ಕೊನೆಯ ಮೂಲೆಯಲ್ಲಿ ತಾಯವ್ವ ಕೊಟ್ಟ ರೊಟ್ಟಿಯ ಚೂರನ್ನಿಟ್ಟು ಮುಚ್ಚಿದಳು.

ಕೂಸು ಹೊಸ ಕೌದಿಯ ಮೇಲೆ ಮಲಗಲಿಲ್ಲ. ಅತ್ತಿತು, ಕಾಲು ಜಾಡಿಸಿತು, ಮತ್ತೆ ಅತ್ತಿತು. ಒಂದು ತಾಸಾಯಿತು.

"ಅದರಾಗ ಸರಸರ ಸಪ್ಪಳ ಬರ್ತಿತ್ತು," ಎಂದಳು ತಾಯವ್ವ. "ಅದನ್ನ ಕೇಳಕೋತ ಮಲಗತಿತ್ತು. ನೀನ ಬೇಕಂತ ಇಟ್ಟೀದಿ ಅಂತ ಮಂದಿ ಮುಂದ ಹೊಗಳೀನಿ."

ಹುಸೇನಬಿ ಕಣ್ಣು ಮುಚ್ಚಿ ತೆರೆದಳು. ಆಮೇಲೆ ಈಗಷ್ಟೇ ಮುಚ್ಚಿದ ಮೂಲೆಯನ್ನು ಬಿಚ್ಚಿ, ಕಿರಾಣಿ ಅಂಗಡಿಯ ಪ್ಲಾಸ್ಟಿಕ್ ಚೀಲವೊಂದನ್ನು ಮಡಚಿ ಪದರದೊಳಗೆ ಆಳಕ್ಕೆ ತಳ್ಳಿ ಹೊಲಿದಳು. ಕೂಸು ಹೊರಳಿತು. ಸರ್ರೆಂದಿತು. ಮಲಗಿಬಿಟ್ಟಿತು. ಅದು ಏಳುವವರೆಗೆ ಎರಡು ಬಸ್ಸು ಹೋದವು.

ಶನಿವಾರ ಬೆಳಿಗ್ಗೆ ಪರಸಪ್ಪ ಕಟ್ಟೆಯ ಮೇಲೆ ಕೂತು ಪಾವತಿಗಳನ್ನು ಒಂದೊಂದಾಗಿ ತಿರುವಿ ಹಾಕಿದ. ಪಕ್ಕದಲ್ಲಿ ಮೂಲೆ ಬಿಚ್ಚಿದ ಕೌದಿ ಬಿದ್ದಿತ್ತು. ಎಲ್ಲ ನೋಡಿ, ಅವನ್ನು ಕಟ್ಟು ಮಾಡಿ ದಾರ ಸುತ್ತಿ ತನ್ನ ತೊಡೆಯ ಕೆಳಗಿಟ್ಟುಕೊಂಡ.

"ಇವು ನನ್ನ ಕಡೆ ಇರ್ಲಿ. ಡಿಪಾಜಿಟ್ ಬದಲಿ. ಮನಿ ಬಿಡೂ ಮುಂದ ಒಯ್ಯೀರಂತ."

"ಓದಾಕ ಕೊಟ್ಟೀನ್ರಿ, ಇಡಾಕಲ್ಲ," ಎಂದು ಹುಸೇನಬಿ ಕೈಚಾಚಿದಳು. ಕಟ್ಟು ಕೈಗೆ ಬರುವವರೆಗೆ ಕೈ ಹಿಂದಕ್ಕೆ ತೆಗೆಯಲಿಲ್ಲ.

ಆಮೇಲೆ ಸೆರಗಿನ ಗಂಟು ಬಿಚ್ಚಿ ಮೊದಲ ತಿಂಗಳ ಬಾಡಿಗೆ ಕೊಟ್ಟಳು. ಪರಸಪ್ಪ ಅದನ್ನು ಕಿಸೆಗಿಳಿಸಿ ಕೀಲಿ ಮುಂದೆ ಹಿಡಿದ. ಅವಳು ಮುಟ್ಟಲಿಲ್ಲ.

"ಪಾವತಿ ಬರಕೊಡ್ರಿ."

ಹನ್ನೆರಡು ವರ್ಷದಲ್ಲಿ ಯಾವ ಬಾಡಿಗೆಯವರೂ ಕೇಳಿಲ್ಲವೆಂದ ಆತ. ಪಾವತಿ ಪುಸ್ತಕ ಇಲ್ಲವೆಂದ, ಕನ್ನಡಕ ಒಳಗಿದೆಯೆಂದ, ತನ್ನ ಮೇಲೆ ಇಷ್ಟೂ ನಂಬಿಕೆ ಇಲ್ಲವೇ ಎಂದ. ಹುಸೇನಬಿ ಕಟ್ಟೆಯ ತುದಿಗೆ ಕೂತು, ಪಾವತಿಗಳನ್ನು ಮತ್ತೆ ಕೌದಿಯೊಳಗೆ ಸೇರಿಸಿ, ಸೂಜಿಗೆ ದಾರ ಪೋಣಿಸಿ ಮೂಲೆ ಹೊಲಿಯತೊಡಗಿದಳು. ಬಿಸಿಲು ಕಟ್ಟೆಯ ಮೇಲೆ ಬಂತು. ಪರಸಪ್ಪ ಎದ್ದು ಒಳಗೆ ಹೋದ. ಬಹಳ ಹೊತ್ತಿನ ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆಯೊಂದರ ಹಿಂದೆ ನಾಲ್ಕು ಸಾಲು ಬರೆದು ತಂದ.

ಅವಳು ಓದಿದಳು. ತಾರೀಖು ಇಲ್ಲವೆಂದಳು. ಆತ ಬರೆದ. ಸಹಿ ಎಂದಳು. ಹಾಕಿದ.

ಮೂಲೆಯಲ್ಲಿ ನಾಲ್ಕು ಬೆರಳಿನಷ್ಟು ಹೊಲಿಗೆ ಬಾಕಿ ಬಿಟ್ಟಿದ್ದಳು. ಹಾಳೆಯನ್ನು ಮಡಚಿ ಅದರೊಳಗೆ ತಳ್ಳಿ, ಹಲ್ಲಿನಿಂದ ದಾರ ಕಡಿದು, ಕೀಲಿ ತೆಗೆದುಕೊಂಡಳು.