ತುರುಬಿನ ಪೆನ್ಸಿಲ್

ಶಿರಹಟ್ಟಿಯ ಗೀಗೀ ಪದದ ಫಕೀರವ್ವನ ತುರುಬಿನಲ್ಲಿ ಹೂವಿರುತ್ತಿರಲಿಲ್ಲ, ಮೋಟು ಪೆನ್ಸಿಲ್ ಇರುತ್ತಿತ್ತು. ಗಡಿಯಲ್ಲಿ ಯುದ್ಧ ನಡೆದಿದ್ದ ದಿನಗಳಲ್ಲಿ ಅವಳ ಮೇಳ ಊರೂರು ತಿರುಗುತ್ತಿತ್ತು. ಪದ ಮುಗಿದೊಡನೆ ಪಕ್ಕದ ಶಾಮಿಯಾನದಲ್ಲಿ ಸೈನಿಕರಿಗಾಗಿ ರಕ್ತದಾನ. "ಚಪ್ಪಾಳಿ ಹೊಡದ್ರ ಸಾಲೂದಿಲ್ಲೋ ತಮ್ಮಾ, ಅಂಗಿ ತೋಳ ಏರಸು" ಎಂದು ಗದರಿದರೆ ಬೆಟಗೇರಿಯ ಉಡಾಳ ಹುಡುಗರೂ ಮೆತ್ತಗೆ ಸಾಲಿಗೆ ನಿಲ್ಲುತ್ತಿದ್ದರು.

ಹಾಡುವ ಊರಿಗೆ ನಾಲ್ಕು ದಿನ ಮೊದಲೇ ಬಂದು, ಸುತ್ತಲಿನ ಸೈನಿಕರ ಮನೆಗಳಿಗೆ ಹೋಗಿ ಕೂರುವುದು ಅವಳ ಪದ್ಧತಿ. ನನ್ನ ತಮ್ಮ ಸೈನ್ಯದಲ್ಲಿದ್ದ. ಒಂದು ಸಂಜೆ ನಾನು ಕಲಿಸುವ ಶಾಲೆಯಿಂದ ಮುಂಡರಗಿಯ ಮನೆಗೆ ಬಂದು ನೋಡುತ್ತೇನೆ, ಫಕೀರವ್ವ ನಮ್ಮ ಅವ್ವನ ಎದುರು ಕೂತು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಾಳೆ. "ಮಗ ಎಲ್ಲಿ ಅದಾನವಾ? ಅಲ್ಲಿ ಥಂಡಿ ಬಾಳ ಐತೇನು?"

ನನಗೆ ಮೈಯೆಲ್ಲ ಉರಿಯಿತು. ಸೈನಿಕರ ಠಿಕಾಣಿ ಯಾರಿಗೂ ಹೇಳಬೇಡಿ ಎಂಬ ಸಂದೇಶ ಫೋನಿಗೆ ದಿನಾ ಬರುತ್ತಿತ್ತು. ಹಾಡುವವಳಿಗೆ ಇದೆಲ್ಲ ಯಾಕೆ ಬೇಕು? ಮರುದಿನ ಸಿಂಗಟಾಲೂರಿನ ತನಕ ಅವಳ ಹಿಂದೆ ಹೋದೆ. ನದಿದಂಡೆಯಲ್ಲಿ ಕೂತು, ಪುಸ್ತಕ ನೋಡುತ್ತ, ತನ್ನಷ್ಟಕ್ಕೆ ತುಟಿ ಅಲುಗಿಸುತ್ತಿದ್ದಳು. ಸಂಶಯ ಹೊಕ್ಕ ಕಣ್ಣಿಗೆ ಅದೂ ಗುಟ್ಟೇ. ನೆಟ್ಟಗೆ ಠಾಣೆಗೆ ಹೋಗಿ ದೂರು ಕೊಟ್ಟೆ.

ಠಾಣೆಯ ಫೌಜದಾರರು ಅವಳನ್ನು ಕರೆಸಿ, ನನ್ನೆದುರೇ ಪುಸ್ತಕ ತೆರೆದರು. "ಮಲ್ಲವ್ವ, ಸಿಂಗಟಾಲೂರು. ಮಗ ಇರೂದು ಬಾಳ ಥಂಡಿ ಜಾಗಾ. ಕಡಬು ಅಂದ್ರ ಜೀವ." ಪುಟಪುಟಕ್ಕೂ ತಾಯಂದಿರ ಹೆಸರು, ಮಕ್ಕಳಿಗೆ ಸೇರುವ ತಿನಿಸು. ಮಕ್ಕಳು ಕಾವಲಿದ್ದ ಜಾಗದ ಹೆಸರು ಒಂದೂ ಇರಲಿಲ್ಲ. ಫೌಜದಾರರು ನಕ್ಕುಬಿಟ್ಟರು. ಫಕೀರವ್ವ ನಗಲಿಲ್ಲ. "ಗಂಡಸರ ಶೌರ್ಯಾ ಹಾಡವ್ರು ಬಾಳ ಮಂದಿ ಅದಾರ್ರಿ. ನಾ ಹಡದವ್ರನ್ನ ಹಾಡತೀನಿ" ಎಂದಳು. ತಪ್ಪಾಯಿತು ಎನ್ನದೆಯೇ ನಾನು ಮನೆಗೆ ಬಂದೆ.

ಮುಂಡರಗಿಯಲ್ಲಿ ಪದ ಇದ್ದ ದಿನ ಅವ್ವ ಇಳಕಲ್ ಸೀರೆಯುಟ್ಟು ಎಲ್ಲರಿಗಿಂತ ಮುಂದೆ ಕೂತಳು.

"ಮಲ್ಲವ್ವನ ಮಗ ನಿಂತಾನ ಥಂಡ್ಯಾಗ,
ಆಕಿ ಕಡಬು ಆರತಾವ ಗಂಗಾಳದಾಗ..."

ಒಂದೊಂದು ಹೆಸರು ಬಂದಾಗಲೂ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅವ್ವ ಕಾದೇ ಕಾದಳು. ಅವಳ ಹೆಸರು ಬರದೆಯೇ ಪದ ಮುಗಿಯಿತು.

ವೇದಿಕೆಯ ಹಿಂದಕ್ಕೆ ಓಡಿದೆ. "ಪುಸ್ತಕದಾಗಿನ ನಿಮ್ಮ ಮನಿ ಹಾಳಿ ಹರದ ಒಗದೇನ್ರಿ ಸರ" ಎಂದಳು ಫಕೀರವ್ವ. ಸಿಟ್ಟಿರಲಿಲ್ಲ. "ತಮ್ಮನ ಸಲುವಾಗಿ ಅಂಜಿದ್ರಿ. ಅಂಜಿದವ್ರ ಮನಿ ಹೆಸರು ನಾ ಹೆಂಗ ಹಾಡ್ಲಿ?" ಪೆನ್ಸಿಲನ್ನು ತುರುಬಿಗೆ ಸಿಕ್ಕಿಸಿಕೊಂಡು ಗಾಡಿ ಹತ್ತಿದಳು. ಆಮೇಲೆ ನಾನು ಅವಳನ್ನು ನೋಡಲಿಲ್ಲ.

"ನನ್ನ ಹೆಸರು ಮರತಳೇನೋ?" ಎಂದು ಅವ್ವ ಕೇಳಿದಳು.

"ಹೂಂ, ಮರತಿರಬೇಕು" ಎಂದೆ.

ತಮ್ಮ ಸುಖವಾಗಿ ಮರಳಿ ಬಂದ. ಈಚೆಗೆ ಫಕೀರವ್ವ ತೀರಿಕೊಂಡ ಸುದ್ದಿ ಬಂದಾಗ ಅವ್ವ ನಿಟ್ಟುಸಿರಿಟ್ಟು, "ಪಾಪ, ವಯಸ್ಸಾಗಿತ್ತು, ಮರತಿದ್ಲು ಅಷ್ಟ. ಆಕಿದೇನ ತಪ್ಪು?" ಎಂದಳು. ನಾನು ಆಗಲೂ ಬಾಯಿ ಬಿಡಲಿಲ್ಲ.